ಹೊರಗೆ ಕೂತ ದಿನಗಳು

ಬೆಳಗ್ಗೆ ಎದ್ದು ರವಿಕೆಯ ಕೊಕ್ಕೆ ಹಾಕಿಕೊಳ್ಳುವುದೂ ಒಂದು ಕೆಲಸ ಎಂಬುದು ಇಪ್ಪತ್ತಮೂರು ವರ್ಷ ತುಂಬುವವರೆಗೆ ನನಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಇದ್ದದ್ದು ಐದು ಕೊಕ್ಕೆ. ಮೊದಲನೆಯದನ್ನು ಹಿಡಿಯುವಷ್ಟರಲ್ಲಿ ಹೆಬ್ಬೆರಳಿನ ಬುಡದಲ್ಲಿ ನೋವು ಎದ್ದು ಮಣಿಕಟ್ಟಿನವರೆಗೆ ಬರುತ್ತಿತ್ತು. ಎರಡನೆಯದಕ್ಕೆ ಸಾಕುಸಾಕಾಗುತ್ತಿತ್ತು. ಮೂರು ಹಾಕಿ, ಉಳಿದ ಎರಡನ್ನು ಯಾರು ನೋಡುತ್ತಾರೆಂದು ಸೆರಗು ಬಿಗಿದುಕೊಂಡು ಅಡಿಗೆಮನೆಗೆ ಹೋಗುತ್ತಿದ್ದೆ. ದಿನ ಇನ್ನೂ ಶುರುವೇ ಆಗಿರುತ್ತಿರಲಿಲ್ಲ, ನನಗೆ ಆಗಲೇ ಮಲಗಬೇಕು ಅನ್ನಿಸುತ್ತಿತ್ತು.

ಅರವತ್ತರ ದಶಕದ ಮಾತು. ಆಗ ನಾವು ಅಹಮದಾಬಾದಿನಲ್ಲಿದ್ದೆವು. ನಮ್ಮವರು ಅಲ್ಲಿನ ಒಂದು ಸಂಶೋಧನಾ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದರು. ತುಮಕೂರಿನ ಕಡೆಯಿಂದ ಮದುವೆಯಾಗಿ ನಾನು ಬಂದೆ. ಮಾವ ತೀರಿಕೊಂಡ ಮೇಲೆ ಅತ್ತೆಯೂ ಬಂದು ಸೇರಿದರು. ಒಬ್ಬ ಗುಜರಾತಿ ಯಜಮಾನರ ಮನೆಯ ಹಿಂಭಾಗದಲ್ಲಿ ಎರಡು ಕೋಣೆ, ಒಂದು ಅಡಿಗೆಮನೆ, ಅದರಾಚೆ ತಗಡು ಹೊದಿಸಿದ ಸಣ್ಣ ಜಗಲಿ, ಬಟ್ಟೆ ಒಗೆಯುವ ಕಲ್ಲು. ಇಷ್ಟೇ ನಮ್ಮ ಸಂಸಾರದ ಜಾಗ.

ಅತ್ತೆ ಮಡಿಯ ಹೆಂಗಸು. ಊರು ಬದಲಾಯಿತೆಂದು ಮಡಿ ಬದಲಾಗಲಿಲ್ಲ. ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದ ಕೂಡಲೇ ಇಬ್ಬರಿಗೂ ತಣ್ಣೀರು ಸ್ನಾನ. ಮರುದಿನದ ಅಡಿಗೆಗೆ ಉಡುವ ಸೀರೆಯನ್ನು ನಾನೇ ಒಗೆದು, ನಾನೇ ಹಿಂಡಿ, ಯಾರೂ ತಾಗದಂತೆ ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವಬೇಕು. ಒದ್ದೆ ಸೀರೆ ಹಿಂಡುವುದೆಂದರೆ ಏನೆಂದು ಗಟ್ಟಿ ಕೈಯವರಿಗೆ ಅರ್ಥವಾಗದು. ನನ್ನ ಬೆರಳುಗಳು ರಾತ್ರಿ ಕಲಸಿಟ್ಟ ಹಿಟ್ಟು ಬೆಳಗಿಗೆ ಒಣಗಿ ಬಿಗಿದ ಹಾಗೆ ಇರುತ್ತಿದ್ದವು. ಮುಷ್ಟಿ ಕಟ್ಟಿದರೆ ಪೂರ್ತಿ ಮುಚ್ಚುತ್ತಿರಲಿಲ್ಲ, ಬಿಟ್ಟರೆ ಪೂರ್ತಿ ಬಿಚ್ಚುತ್ತಿರಲಿಲ್ಲ. ಸೀರೆಯಿಂದ ನೀರು ಸುರಿಯುತ್ತಲೇ ಇರುತ್ತಿತ್ತು.

"ಏನೇ ಅದು, ಒಂದು ಸೀರೆ ಹಿಂಡಕ್ಕೆ ಇಷ್ಟು ಹೊತ್ತಾ? ನೋಡಕ್ಕೆ ಗುಂಡುಕಲ್ಲಿನ ಹಾಗಿದೀಯ. ನಿನ್ನ ವಯಸ್ಸಲ್ಲಿ ನಾನು ಹನ್ನೆರಡು ಜನಕ್ಕೆ ರುಬ್ತಿದ್ದೆ," ಅನ್ನುತ್ತಿದ್ದರು ಅತ್ತೆ.

ಆಕೆ ಕೆಟ್ಟವರಲ್ಲ. ಕಂಡದ್ದನ್ನು ಹೇಳುತ್ತಿದ್ದರು, ಅಷ್ಟೇ. ಕಾಣುತ್ತಿದ್ದುದು ದುಂಡು ಮುಖದ, ಕೆನ್ನೆ ತುಂಬಿದ ಹುಡುಗಿ. ಈ ರೋಗದ ಕಿತಾಪತಿಯೇ ಅದು. ಹತ್ತು ಗಂಟೆ ದಾಟಿದರೆ ಬೆರಳು ಮೆಲ್ಲಗೆ ಸಡಿಲವಾಗುತ್ತಿದ್ದವು, ಮಧ್ಯಾಹ್ನಕ್ಕೆ ಊತವೂ ಇಳಿಯುತ್ತಿತ್ತು. ಸಂಜೆ ಮನೆಗೆ ಬಂದ ನಮ್ಮವರಿಗೆ ಕೈ ತೋರಿಸಿದರೆ ತೋರಿಸಲು ಅಲ್ಲಿ ಏನೂ ಇರುತ್ತಿರಲಿಲ್ಲ. "ಇಲ್ಲಿಯ ಚಳಿಗೆ ಎಲ್ಲರಿಗೂ ಹಾಗೇ," ಎಂದರು ಒಂದು ಸಲ. ಇನ್ನೊಂದು ಸಲ ಹತ್ತಿರದ ಡಾಕ್ಟರ ಬಳಿ ಕರೆದುಕೊಂಡು ಹೋದರು. ಅವರು ನನ್ನ ನಾಲಿಗೆ ನೋಡಿ ಶಕ್ತಿಗೆಂದು ಒಂದು ಬಾಟಲಿ ಟಾನಿಕ್ ಬರೆದುಕೊಟ್ಟರು. ಕುಡಿದೆ. ಕೆನ್ನೆ ಇನ್ನಷ್ಟು ದುಂಡಗಾಯಿತು. ಮನೆಯ ಯಜಮಾನಿ ತನ್ನ ಹಜಾರದ ಉಯ್ಯಾಲೆಯಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ತುಮ್ ತೋ ಅಚ್ಛೀ ದಿಖ್ತೀ ಹೋ, ಬೇನ್," ಎಂದು ಕೆನ್ನೆ ಚಿವುಟಿದಳು. ಚೆನ್ನಾಗಿ ಕಾಣುತ್ತೀ ಅಂದರೆ ನನಗೆ ಆಗ ಬೈದ ಹಾಗೆ ಕೇಳಿಸುತ್ತಿತ್ತು.

ಎರಡು ವರ್ಷ ಹೀಗೇ ಹೋಯಿತು. ನೋವನ್ನಾದರೂ ಸಹಿಸಬಹುದು. ಇಲ್ಲದ ನೋವನ್ನು ಇದೆ ಅನ್ನುತ್ತಿದ್ದಾಳೆ ಎಂದು ಮನೆಯವರು ಮನಸ್ಸಿನಲ್ಲೇ ಅಂದುಕೊಳ್ಳುವುದನ್ನು ದಿನವೂ ಸಹಿಸುವುದಿದೆಯಲ್ಲ, ಅದು ಮನುಷ್ಯರನ್ನು ಸುಸ್ತು ಮಾಡಿಬಿಡುತ್ತದೆ. ಹೇಳುವುದನ್ನೇ ಬಿಟ್ಟೆ.

ಆ ಮನೆಯಲ್ಲಿ ಹೆಂಗಸಿಗೆ ಕೂರಲು ಒಂದೇ ಒಂದು ದಾರಿ ಇತ್ತು. ತಿಂಗಳಿಗೆ ಮೂರು ದಿನ ಹೊರಗಾಗುವುದು. ಆ ಮೂರು ದಿನ ಅಡಿಗೆಮನೆಯ ಹೊಸಿಲು ದಾಟುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ಹಿಂದಿನ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಮದುವೆಯಾದ ಹೊಸದರಲ್ಲಿ ನನಗೆ ಇದು ಅವಮಾನವಾಗಿತ್ತು. ಕೈ ಕೆಟ್ಟ ಮೇಲೆ ತಿಂಗಳೆಲ್ಲ ಆ ಮೂರು ದಿನಗಳಿಗೇ ಕಾಯತೊಡಗಿದೆ. ಹಿಂಡುವುದಿಲ್ಲ, ರುಬ್ಬುವುದಿಲ್ಲ, ಸ್ಟೌವಿಗೆ ಪಂಪು ಹೊಡೆಯುವುದಿಲ್ಲ. ಬಿಸಿಲು ಜಗಲಿಗೆ ಬಂದಾಗ ಎರಡೂ ಕೈಗಳನ್ನು ಬಿಸಿಲಿಗೆ ಚಾಚಿ ಕೂರುತ್ತಿದ್ದೆ. ಮೂರನೆಯ ದಿನಕ್ಕೆ ನಾನೂ ಎಲ್ಲರಂತೆ ಮನುಷ್ಯಳಾಗುತ್ತಿದ್ದೆ. ನಾಲ್ಕನೆಯ ದಿನ ಅತ್ತೆ, "ಬಾ, ಸ್ನಾನ ಮಾಡು," ಎಂದರೆ ಅಳು ಬರುತ್ತಿತ್ತು.

ಮೊದಲ ಸುಳ್ಳು ಸಣ್ಣದು. ಒಂದು ನಾಲ್ಕನೆಯ ದಿನ, "ಇನ್ನೂ ನಿಂತಿಲ್ಲ ಅತ್ತೆ," ಅಂದೆ. ಆಕೆ ಏನೂ ಕೇಳಲಿಲ್ಲ. ಒಂದು ದಿನ ಹೆಚ್ಚು ಸಿಕ್ಕಿತು. ಕೈಯಲ್ಲಿ ಪ್ರಾಣ ಹೋಗುತ್ತಿದೆ ಅಂದರೆ ನಂಬದ ಮನೆ ಈ ಮಾತನ್ನು ಮರುಪ್ರಶ್ನೆಯಿಲ್ಲದೆ ನಂಬಿತು. ರುಚಿ ಹತ್ತಿತು. ಆ ಚಳಿಗಾಲದಲ್ಲಿ ಬೆರಳು ಮಧ್ಯಾಹ್ನಕ್ಕೂ ಸಡಿಲವಾಗದಿದ್ದಾಗ, ತಿಂಗಳ ನಡುವೆಯೇ ಒಂದು ಬೆಳಗ್ಗೆ ಎದ್ದವಳು ನೇರ ಜಗಲಿಗೆ ಹೋಗಿ ಚಾಪೆ ಹಾಸಿಕೊಂಡೆ.

"ಮತ್ತೆ ಆದ್ಯೇನೇ?" ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು.

"ಹೂಂ."

ಆಮೇಲೆ ಅದು ಅಭ್ಯಾಸವಾಯಿತು. ಸುಳ್ಳಿಗೂ ಕೆಲಸವಿರುತ್ತದೆ ಎಂದು ಕಲಿತೆ. ಅತ್ತೆಯ ಕಣ್ಣಿಗೆ ಬೀಳಲೆಂದು ಕೊಳೆಯೇ ಆಗದ ಮುಟ್ಟಿನ ಬಟ್ಟೆಗಳನ್ನು ಕಲ್ಲಿನ ಮೇಲೆ ಒಗೆದು, ಸೀರೆಯ ಮರೆಯಲ್ಲಿ ಒಣಗಿಸುತ್ತಿದ್ದೆ. ಕೈಗೆ ಬಿಡುವು ಬೇಕೆಂದು ಹೇಳಿದ ಸುಳ್ಳಿಗಾಗಿ ಅದೇ ಕೈಯಲ್ಲಿ ಬಟ್ಟೆ ಒಗೆಯುವುದು! ನನಗೇ ನಗು ಬರುತ್ತಿತ್ತು. ಆದರೆ ಒಳಗೆ ಅರವತ್ತು ದಾಟಿದ ಹೆಂಗಸು ಒಬ್ಬರೇ ರುಬ್ಬುವ ಸದ್ದು ಕೇಳಿಸಿದಾಗ ನಗು ನಿಂತುಹೋಗುತ್ತಿತ್ತು. ಆಕೆ ನನ್ನ ಪಾಲಿನ ಕೆಲಸವನ್ನೆಲ್ಲ ಗೊಣಗದೆ ಮಾಡುತ್ತಿದ್ದರು. ಹೊರಗಾದವಳ ಮೇಲೆ ಗೊಣಗುವ ಪದ್ಧತಿ ಇಲ್ಲವಲ್ಲ.

ಗೊಣಗುವ ಬದಲು ಆಕೆ ಚಿಂತೆಗೆ ಬಿದ್ದರು. ಮದುವೆಯಾಗಿ ನಾಲ್ಕು ವರ್ಷ, ಮಗುವಿಲ್ಲ. ತಿಂಗಳಿಗೆ ಎರಡು ಸಲ ಹೀಗಾದರೆ ಗರ್ಭ ನಿಲ್ಲುವುದಾದರೂ ಹೇಗೆ? ಅಶೋಕದ ತೊಗಟೆಯ ಕಷಾಯ ಮಾಡಿ ಕೊಟ್ಟರು. ನೆಲ್ಲಿಕಾಯಿ, ಎಳ್ಳು, ಬೆಲ್ಲ ಎಂದು ಏನೇನೋ ತಿನ್ನಿಸಿದರು. ಶನಿವಾರ ಒಂದು ಹೊತ್ತು ಇದ್ದವರು ಸೋಮವಾರವೂ ಉಪವಾಸ ಹಿಡಿದರು. ಯಾಕೆಂದು ನಮ್ಮವರು ಕೇಳಿದಾಗ, "ನಂಗೇನೋ ಹರಕೆ ಇದೆ," ಅಂದರು. ನನಗೆ ಗೊತ್ತಿತ್ತು. ನನ್ನ ಇಲ್ಲದ ರೋಗಕ್ಕೆ ಆಕೆ ಹಸಿದು ಕೂತಿದ್ದರು, ಇದ್ದ ರೋಗವನ್ನು ಕೇಳುವವರಿರಲಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದು? ಮಾಡಲು ನನ್ನಲ್ಲಿ ಶಕ್ತಿಯೂ ಇರಲಿಲ್ಲ.

ಮುಂದಿನ ಚಳಿಗಾಲದ ಪುಷ್ಯಮಾಸದಲ್ಲಿ ಮಾವನ ತಿಥಿ ಬಂತು. ಗಾಳಿಪಟದ ಹಬ್ಬ ಮುಗಿದು ನಾಲ್ಕು ದಿನವಾಗಿತ್ತು, ನಮ್ಮ ಗಳುವಿಗೂ ಕೆಂಪು ದಾರಗಳು ಸುತ್ತಿಕೊಂಡಿದ್ದವು. ಹಿಂದಿನ ವಾರವಷ್ಟೇ ನಾನು ನನ್ನ ಸುಳ್ಳಿನ ಮೂರು ದಿನ ಮುಗಿಸಿ ಒಳಗೆ ಬಂದಿದ್ದೆ. ತಿಥಿಯ ಬೆಳಗ್ಗೆ ಸ್ನಾನಕ್ಕೆ ಹೋದಾಗ ನಿಜವಾಗಿಯೂ ಹೊರಗಾಗಿದ್ದೆ.

ಬಚ್ಚಲಲ್ಲೇ ನಿಂತೆ. ಹೇಳಿದರೆ ತಿಥಿಯನ್ನು ಮುಂದಕ್ಕೆ ಹಾಕಬೇಕು, ಅದೇನೂ ಹೊಸದಲ್ಲ, ಎಲ್ಲರ ಮನೆಯಲ್ಲೂ ಆಗುವಂಥದ್ದೇ. ಆದರೆ ಒಂದು ವಾರದ ಹಿಂದೆ ಹೊರಗಿದ್ದವಳು ಮತ್ತೆ ಹೊರಗೆ ಅಂದರೆ? ಅತ್ತೆ ಬೆರಳು ಮಡಿಸಿ ಎಣಿಸಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ ಎಂದು ನನಗೆ ಭಯ. ಹೊರಗೆ ಭಟ್ಟರ ದನಿ ಕೇಳಿಸಿತು. ಅಲ್ಲಿನ ಉಡುಪಿ ಹೋಟೆಲೊಂದರ ಗಲ್ಲೆಯ ಮೇಲೆ ಕೂರುತ್ತಿದ್ದ ಅವರೇ ನಮ್ಮಂಥ ನಾಲ್ಕಾರು ಮನೆಗಳಿಗೆ ಪುರೋಹಿತರು. ನಾನು ಒದ್ದೆ ಸೀರೆ ಉಟ್ಟು ಅಡಿಗೆಮನೆಗೆ ಹೋದೆ.

ಉದ್ದು ರುಬ್ಬಿದೆ, ವಡೆ ತಟ್ಟಿದೆ. ಎಳ್ಳುಂಡೆ ಕಟ್ಟಲು ಮುಷ್ಟಿ ಮುಚ್ಚದೆ ಅಂಗೈಯಲ್ಲಿ ಉರುಳಿಸಿ ಹೇಗೋ ಮಾಡಿದೆ. ನಮ್ಮವರು ಬ್ರಾಹ್ಮಣರ ಪಾದ ತೊಳೆಯುವಾಗ ನೀರು ಹಾಕುವುದು ಹೆಂಡತಿಯ ಕೆಲಸ. ತುಂಬಿದ ತಾಮ್ರದ ಚೊಂಬು ಎರಡೂ ಕೈಯಲ್ಲಿ ನಡುಗಿ ಅರ್ಧ ನೀರು ನೆಲಕ್ಕೆ ಹೋಯಿತು. ಬಾಗಿಲ ಮರೆಯಿಂದ ಅತ್ತೆ ನೋಡುತ್ತಿದ್ದರು. ಮಾವನ ಹೆಸರು ಹೇಳಿ ಪಿಂಡ ಇಟ್ಟಾಗ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಕಂಡೆ. ಮುಟ್ಟಾದವಳು ಬೇಯಿಸಿದ ಅನ್ನ ಅದು. ಇಂಥದ್ದರಲ್ಲಿ ನನಗೆ ಅಂಥ ನಂಬಿಕೆ ಇತ್ತೋ ಇಲ್ಲವೋ, ಆಕೆಗಿತ್ತು.

ಅದಾದ ಎರಡು ತಿಂಗಳಿಗೆ ಅತ್ತೆ ಹಟ ಹಿಡಿದರು. ಬರೋಡಾದಲ್ಲಿ ಒಬ್ಬ ಲೇಡಿ ಡಾಕ್ಟರು ಇದ್ದಾರಂತೆ, ಮಕ್ಕಳಿಲ್ಲದವರಿಗೆಲ್ಲ ಅವರ ಕೈಗುಣದಿಂದ ಮಕ್ಕಳಾಗಿದೆಯಂತೆ, ತೋರಿಸಲೇಬೇಕು. ನಾನು ಬೇಡವೆಂದಷ್ಟೂ ಆಕೆಗೆ ಅನುಮಾನ ಬಲವಾಯಿತು. ನಮ್ಮವರು ರಜೆ ಹಾಕಿದರು. ಮೂವರೂ ಬೆಳಗಿನ ರೈಲು ಹತ್ತಿದೆವು. ಅತ್ತೆ ದಾರಿಗೆಂದು ಅವಲಕ್ಕಿ, ಮೊಸರನ್ನ ಕಟ್ಟಿಕೊಂಡಿದ್ದರು. ರೈಲು ಹತ್ತುವಾಗ ಬಾಗಿಲ ಹಿಡಿ ಹಿಡಿಯಲಾಗದೆ ನಾನು ಮೊಣಕೈಯನ್ನು ಸಿಕ್ಕಿಸಿ ಹತ್ತಿದೆ. ಯಾರೂ ಗಮನಿಸಲಿಲ್ಲ.

ಡಾಕ್ಟರ ಕೋಣೆಗೆ ಗಂಡಸರು ಬರುವಂತಿರಲಿಲ್ಲ, ನಮ್ಮವರು ಹೊರಗಿನ ಬೆಂಚಿನಲ್ಲಿ ಕೂತರು. ಒಳಗೆ ನಾನು, ಅತ್ತೆ. ಡಾಕ್ಟರಿಗೆ ಕನ್ನಡ ಬಾರದು, ಅತ್ತೆಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಅತ್ತೆಯ ಮಾತನ್ನು ಹಿಂದಿಯಲ್ಲಿ ಡಾಕ್ಟರಿಗೆ, ಡಾಕ್ಟರ ಮಾತನ್ನು ಕನ್ನಡದಲ್ಲಿ ಅತ್ತೆಗೆ ಹೇಳುವ ಕೆಲಸ ನನ್ನದೇ. "ತಿಂಗಳಿಗೆ ಎರಡು ಸಲ ಹೊರಗೆ ಕೂರ್ತಾಳೆ, ಒಂದು ವರ್ಷದಿಂದ ಹೀಗೇ ಅಂತ ಹೇಳು," ಎಂದರು ಅತ್ತೆ. ನನ್ನ ಸುಳ್ಳನ್ನು ನಾನೇ ಇನ್ನೊಂದು ಭಾಷೆಯಲ್ಲಿ ಹೇಳಿದೆ.

ಡಾಕ್ಟರು ಪರೀಕ್ಷೆಗೆಂದು ಮಂಚದ ಮೇಲೆ ಮಲಗಲು ಹೇಳಿದರು. ನಾನು ರವಿಕೆಯ ಕೊಕ್ಕೆ ಬಿಚ್ಚುವುದನ್ನು ನೋಡುತ್ತಾ ನಿಂತರು. ಬಿಚ್ಚಲು ಬಹಳ ಹೊತ್ತು ಹಿಡಿಯಿತು. "ನಿಲ್ಲು," ಎಂದು ಹತ್ತಿರ ಬಂದು ನನ್ನ ಅಂಗೈ ಹಿಡಿದು, ಬೆರಳ ಬುಡದ ಗಂಟುಗಳನ್ನು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿದರು. ನಾನು ಕೂಗಿಬಿಟ್ಟೆ. ಮುಷ್ಟಿ ಕಟ್ಟು ಎಂದರು. ಆಗಲಿಲ್ಲ. ಇನ್ನೊಂದು ಕೈ ಎಂದರು. ಅದೂ ಆಗಲಿಲ್ಲ. ಬೆಳಗ್ಗೆ ಎದ್ದ ಮೇಲೆ ಬೆರಳು ಬಿಚ್ಚಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಹತ್ತು ಗಂಟೆಯವರೆಗೆ. ಕೆಲವು ದಿನ ಮಧ್ಯಾಹ್ನದವರೆಗೆ," ಅಂದೆ, ಅನ್ನುತ್ತಲೇ ಅಳತೊಡಗಿದೆ.

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು, ದನಿ ತಗ್ಗಿಸಿ ಕೇಳಿದರು. ತಿಂಗಳಿಗೆ ಎರಡು ಸಲ ಎಂಬುದು ನಿಜವೇ?

ಅತ್ತೆ ಎರಡು ಮಾರು ದೂರದಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಆಕೆಗೆ ಅರ್ಥವಾಗದ ಭಾಷೆಯಲ್ಲಿ ನಾನು ನಿಜ ಹೇಳಿದೆ. ಇಲ್ಲ, ಕೂರಲು ನನಗೆ ಬೇರೆ ದಾರಿ ಇರಲಿಲ್ಲ. ಅಪರಿಚಿತರ ಮುಂದೆ, ಪರಭಾಷೆಯಲ್ಲಿ, ಅದು ಎಷ್ಟು ಸಲೀಸಾಗಿ ಬಂತು! ಡಾಕ್ಟರು ಬೈಯಲಿಲ್ಲ. ರೋಗದ ಹೆಸರನ್ನು ಚೀಟಿಯಲ್ಲಿ ಬರೆದರು, ರುಮಟಾಯ್ಡ್ ಆರ್ಥ್ರೈಟಿಸ್. ಇದು ಪೂರ್ತಿ ಹೋಗುವುದಿಲ್ಲ, ಏರುತ್ತದೆ, ಇಳಿಯುತ್ತದೆ, ಊಟದ ಮೇಲೆ ಆಸ್ಪಿರಿನ್, ತಣ್ಣೀರು ಬೇಡ, ಕೈಗೆ ವಿಶ್ರಾಂತಿ ಬೇಕೇಬೇಕು ಎಂದರು. ಗರ್ಭಕ್ಕೆ ಏನೂ ಆಗಿಲ್ಲ. ಕೊನೆಗೆ, "ಇದನ್ನೆಲ್ಲ ನಿಮ್ಮ ಅತ್ತೆಗೆ ಹೇಳು. ನನಗೆ ಅವರ ಭಾಷೆ ಬರುವುದಿಲ್ಲ," ಎಂದು ಕೈಕಟ್ಟಿ ಕೂತರು.

"ಏನಂತೆ? ಯಾಕೆ ಅಳ್ತಿದೀಯ?" ಅತ್ತೆ ಮುಂದಕ್ಕೆ ಬಗ್ಗಿ ಕೇಳಿದರು. "ಮಕ್ಕಳಾಗಲ್ಲ ಅಂದ್ರಾ?"

ಏನು ಬೇಕಾದರೂ ಹೇಳಬಹುದಿತ್ತು. ರಕ್ತ ಕಡಿಮೆ, ವಿಶ್ರಾಂತಿ ಬೇಕು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆಕೆಯ ಮುಖದಲ್ಲಿದ್ದ ಹೆದರಿಕೆ ನನಗಾಗಿ ಇದ್ದದ್ದು, ಅದನ್ನು ನೋಡಿ ಇನ್ನೊಂದು ಸುಳ್ಳು ಕಟ್ಟುವ ತ್ರಾಣ ನನ್ನಲ್ಲಿರಲಿಲ್ಲ. "ಗರ್ಭಕ್ಕೆ ಏನೂ ಆಗಿಲ್ವಂತೆ ಅತ್ತೆ. ಕಾಯಿಲೆ ಇರೋದು ಕೈ ಕೀಲುಗಳಲ್ಲಂತೆ. ವಾಸಿಯಾಗಲ್ವಂತೆ. ಎರಡು ಸಲ ಹೊರಗೆ ಅಂತಿದ್ದೆನಲ್ಲ, ಅದು ಸುಳ್ಳು. ಕೈ ನೋವು ತಡೆಯಕ್ಕಾಗದೆ ಹೇಳ್ತಿದ್ದೆ."

ಅತ್ತೆ ಎದ್ದರು. ಡಾಕ್ಟರಿಗೆ ಕೈಮುಗಿದರು. ಚೀಲ ತೆಗೆದುಕೊಂಡು ಹೊರಗೆ ಹೋದರು.

ರೈಲಿನಲ್ಲಿ ನಮ್ಮವರು, "ಏನಂದ್ರು ಡಾಕ್ಟ್ರು?" ಎಂದು ಕೇಳಿದಾಗ ಉತ್ತರ ಕೊಟ್ಟದ್ದು ಅತ್ತೆಯೇ. "ಕೀಲಿನ ಕಾಯಿಲೆಯಂತೆ. ಮಿಕ್ಕಿದ್ದೆಲ್ಲ ಸರಿಯಾಗಿದೆಯಂತೆ." ಸುಳ್ಳಿನ ವಿಷಯ ಮಗನಿಗೆ ಹೇಳಲಿಲ್ಲ. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತರು. ಮೊಸರನ್ನದ ಗಂಟು ಬಿಚ್ಚಲಿಲ್ಲ. ಆಕೆಯ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಆಕೆ ತಿಂಗಳುಗಳನ್ನು ಎಣಿಸುತ್ತಿದ್ದಾರೆಂದು ನನಗೆ ಗೊತ್ತಾಯಿತು.

ಆನಂದ್ ಸ್ಟೇಷನ್ನಿನಲ್ಲಿ ನಮ್ಮವರು ನೀರು ತರಲು ಇಳಿದರು. ಅತ್ತೆ ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದರು. "ತಿಥಿ ದಿನ ಒಳಗಿದ್ಯಾ?"

"ಒಳಗೇ ಇದ್ದೆ ಅತ್ತೆ."

"ಸರಿ," ಎಂದರು.

ಆಕೆಯ ಗಂಡನ ಅನ್ನವನ್ನು ಆಕೆಯ ಕಣ್ಣೆದುರು ಕೆಡಿಸುವ ಮನಸ್ಸಾಗಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು. ಆಗ ಇದ್ದದ್ದು ಬರೀ ಹೆದರಿಕೆ.

ಎರಡು ತಿಂಗಳು ಆಕೆ ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡಿದರು. ಆಸ್ಪಿರಿನ್ ನುಂಗಿ ನುಂಗಿ ನನ್ನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು. ಹೊರಗೆ ಎಂದು ಕೂರುವ ದಾರಿಯೂ ಮುಚ್ಚಿತ್ತು. ನಿಜ ಹೇಳಿ ಸುಳ್ಳಿನಿಂದ ಸಿಗುತ್ತಿದ್ದ ಮೂರು ದಿನವನ್ನೂ ಕಳೆದುಕೊಂಡೆನಲ್ಲ ಎಂದು ನನ್ನ ಮೇಲೆ ನನಗೇ ರೇಗುತ್ತಿತ್ತು. ಒಂದು ಬೆಳಗ್ಗೆ ಕೋಣೆಯಲ್ಲಿ ಎರಡನೆಯ ಕೊಕ್ಕೆಯೊಡನೆ ಹೆಣಗುತ್ತಿದ್ದೆ. ಅತ್ತೆ ಸ್ನಾನ ಮುಗಿಸಿ, ಮಡಿಯುಟ್ಟು, ದೇವರ ಮುಂದೆ ಹೋಗುವವರು ಬಾಗಿಲಲ್ಲಿ ನಿಂತರು. ಮಡಿಯಲ್ಲಿರುವವರು ನನ್ನ ರವಿಕೆ ಮುಟ್ಟುವಂತಿಲ್ಲ. ಆಕೆ ಒಳಗೆ ಬಂದರು, ನನ್ನ ಕೈಗಳನ್ನು ಪಕ್ಕಕ್ಕೆ ಸರಿಸಿ ಐದೂ ಕೊಕ್ಕೆ ಹಾಕಿದರು. ತಿರುಗಿ ಬಚ್ಚಲಿಗೆ ಹೋಗಿ ಮತ್ತೆ ತಣ್ಣೀರು ಸುರಿದುಕೊಂಡರು. ಮರುದಿನದಿಂದ ಮೊದಲು ನನ್ನ ಕೊಕ್ಕೆ, ಆಮೇಲೆ ಆಕೆಯ ಸ್ನಾನ ಎಂದಾಯಿತು. ನನ್ನ ಸ್ನಾನಕ್ಕೆ ಬಿಸಿನೀರು ಬಂತು, ಸೀರೆ ಹಿಂಡುವುದೂ ಆಕೆಯ ಪಾಲಿಗೆ ಹೋಯಿತು.

ಮತ್ತೆ ಪುಷ್ಯ ಬಂತು, ತಿಥಿ ಬಂತು. ಈ ಸಲ ನಾನು ನಿಜವಾಗಿ ಒಳಗಿದ್ದೆ. ಆದರೆ ಅಡಿಗೆಮನೆಯಲ್ಲಿ ಭಟ್ಟರ ಹೋಟೆಲಿನ ಹಿರಿಯ ಅಡಿಗೆಯವರೊಬ್ಬರು ಆಗಲೇ ಮಡಿಯುಟ್ಟು ಉದ್ದು ರುಬ್ಬುತ್ತಿದ್ದರು. ಅತ್ತೆ ನನಗೆ ಹೇಳದೆ ಏರ್ಪಾಡು ಮಾಡಿದ್ದರು. ಭಟ್ಟರು ಒಳಗೆ ಇಣುಕಿ, "ಸೊಸೆ ಹೊರಗಾಗಿದಾರಾ? ಹಾಗಾದ್ರೆ ಮುಂದಕ್ಕೆ ಹಾಕ್ಬೇಕಾಗುತ್ತೆ," ಎಂದರು.

"ಹೊರಗಾಗಿಲ್ಲ," ಎಂದರು ಅತ್ತೆ, ಮುಂದಿನ ಕೋಣೆಗೂ ಕೇಳುವಂತೆ. "ಅವಳ ಕೈಗೆ ಕಾಯಿಲೆ ಇದೆ. ನೋಡಿದ್ರೆ ಕಾಣಲ್ಲ. ಅಡಿಗೆ ಅವಳ ಕೈಲಾಗಲ್ಲ, ಅದಕ್ಕೇ ಇವರನ್ನ ಕರೆಸಿದೀನಿ."

ಆ ಮನೆಯಲ್ಲಿ ಇನ್ನೊಬ್ಬರ ಎದುರು ಆ ಮಾತು ಬಂದದ್ದು ಅದೇ ಮೊದಲು. ಪಾದ ತೊಳೆಯುವ ಹೊತ್ತಿಗೆ ನಮ್ಮವರು ಕೂಗಿದರು. ತಾಮ್ರದ ಚೊಂಬನ್ನು ಎರಡೂ ಕೈಯಲ್ಲಿ ಎತ್ತಿದೆ. ಭಾರಕ್ಕೆ ಸಜ್ಜಾಗಿ ಎತ್ತಿದ್ದರಿಂದ ಅದು ಥಟ್ಟನೆ ಮೇಲೆ ಬಂತು. ಅತ್ತೆ ಅದರಲ್ಲಿ ಅರ್ಧಕ್ಕಿಂತ ಕಡಿಮೆ ನೀರು ತುಂಬಿದ್ದರು. ಪಕ್ಕದಲ್ಲಿ ಇನ್ನೊಂದು ಚೊಂಬು, ಅದರಲ್ಲೂ ಅಷ್ಟೇ ನೀರು.

ಬಾಗಿಲ ಮರೆಯಲ್ಲಿ ಆಕೆ ನಿಂತಿದ್ದರು. ಹಿಂದಿನ ವರ್ಷದ ತಿಥಿಯ ನಿಜವನ್ನು ಆಗಲೇ ಹೋಗಿ ಹೇಳಿಬಿಡಬೇಕು ಅನ್ನಿಸಿತು. ಬಾಯಿಯವರೆಗೂ ಬಂತು. ನನ್ನ ನಿಜವನ್ನು ನಂಬಲು ಆ ಮನೆಗೆ ಮೂರು ವರ್ಷ ಹಿಡಿದಿತ್ತು. ರೈಲಿನಲ್ಲಿ ಹೇಳಿದ ಸುಳ್ಳನ್ನು ಆಕೆ ಒಂದೇ ಮಾತಿಗೆ ನಂಬಿದ್ದರು. ಹೇಳಲಿಲ್ಲ. ಆಕೆ ತೀರಿಕೊಳ್ಳುವವರೆಗೂ ಹೇಳಲಿಲ್ಲ. ಅಂದು ಮೊದಲನೆಯ ಚೊಂಬು ಖಾಲಿಯಾದ ಮೇಲೆ ಎರಡನೆಯದನ್ನು ಎತ್ತಿಕೊಂಡು, ಒಂದು ಹನಿಯೂ ನೆಲಕ್ಕೆ ಬೀಳದಂತೆ ನೀರು ಹಾಕಿದೆ.